ನಾದಿನಿ ಮನೆಯೋ, ಲಾಡ್ಜೋ?

ಪ್ರಶ್ನೆ: ನಮ್ಮದು ವಿಜಯಪುರ. ಮಗನಿಗೆ 11, ಮಗಳಿಗೆ 6 ವರ್ಷ. ಇಬ್ಬರದೂ ಕಾನ್ವೆಂಟ್ ಶಾಲೆ, ಕ್ರಿಸ್‌ಮಸ್ ರಜೆ ಇದೆ. ಈ ಸಲ ಮುಂಬೈ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟು, 45,000 ರೂಪಾಯಿ ಕೂಡಿಸಿಟ್ಟಿದ್ದೇನೆ. ನಾದಿನಿ ಮುಂಬೈ ಹತ್ತಿರದ ಡೋಂಬಿವಲಿಯಲ್ಲಿದ್ದಾರೆ. ಒಂದು ರೂಮು, ಒಂದು ಅಡುಗೆಮನೆ, ಅವರೇ ನಾಲ್ಕು ಮಂದಿ. ಅದಕ್ಕೇ ನಾನು ಲಾಡ್ಜ್ ಅಂದೆ. ಅತ್ತೆಯವರು "ಮಗಳ ಮನಿ ಇರಾಗ ಲಾಡ್ಜಿನ್ಯಾಗ ಇದ್ರ ನಾಕು ಮಂದಿ ಏನಂತಾರ" ಎಂದು ಮುನಿಸಿಕೊಂಡು ಎರಡು ವಾರವಾಯಿತು. ಅವರಿಗೆ 67, ಮೊಣಕಾಲು ನೋವು ಬೇರೆ. ಯಜಮಾನರು ಯಾರ ಕಡೆಗೂ ಮಾತಾಡುವುದಿಲ್ಲ. ಹೋಗುವುದನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ನೀವು ಹೇಳಿದ್ದು ಜಾಗದ ಮಾತು, ಅತ್ತೆಯವರ ಕಿವಿಗೆ ಬಿದ್ದದ್ದು ಸಂಬಂಧದ ಮಾತು. ಇಬ್ಬರದೂ ತಪ್ಪಲ್ಲ. ಒಂದೇ ರೂಮಿನಲ್ಲಿ ಒಂಬತ್ತು ಮಂದಿ, ಒಂದೇ ಬಚ್ಚಲು, ಅದರಲ್ಲಿ ಬೆಳಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಓಡುವವರೂ ಇದ್ದರೆ ಮೂರನೆಯ ದಿನಕ್ಕೆ ಎಂಥ ಪ್ರೀತಿಯ ಮನೆಯಲ್ಲೂ ಮಾತು ಬಿರುಸಾಗುತ್ತದೆ. ಹಾಗೆಂದು ಮಗಳ ಮನೆಯ ಹೊಸ್ತಿಲು ತುಳಿಯದೆ ಬಂದರೆ ಆ ತಾಯಿಗೆ ಮುಂಬೈ ನೋಡಿದ ಸುಖವೇ ಇರುವುದಿಲ್ಲ.

ಹೀಗೆ ಮಾಡಿ. ಐದೂ ಜನ ಮೊದಲು ನಾದಿನಿ ಮನೆಗೇ ಹೋಗಿ, ಒಂದು ರಾತ್ರಿ ಹೊಂದಿಸಿಕೊಂಡು ಇರಿ. ಆಮೇಲೆ ಅತ್ತೆಯವರು ಅಲ್ಲೇ ಮಗಳ ಹತ್ತಿರ ಉಳಿಯಲಿ. ನೀವು, ಯಜಮಾನರು, ಮಕ್ಕಳು ಎರಡು ರಾತ್ರಿ ಕೋಟೆ (ಫೋರ್ಟ್) ಭಾಗದಲ್ಲಿ, ಅಂದರೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಸುತ್ತಮುತ್ತ ರೂಮು ಮಾಡಿ. ಕೊನೆಯ ರಾತ್ರಿ ಮತ್ತೆ ಡೋಂಬಿವಲಿ. ಹೀಗಾದರೆ ಲಾಡ್ಜ್ ಅನ್ನುವುದು ಮಗಳ ಮನೆ ಬೇಡವೆಂದು ಹಿಡಿದದ್ದಾಗುವುದಿಲ್ಲ, ಮಕ್ಕಳ ತಿರುಗಾಟಕ್ಕೆ ಮಾಡಿಕೊಂಡ ಅನುಕೂಲವಾಗುತ್ತದೆ. ನೋಯುವ ಮೊಣಕಾಲನ್ನು ಊರೆಲ್ಲ ಎಳೆದಾಡಿಸುವುದೂ ತಪ್ಪುತ್ತದೆ.

ಈ ಮಾತನ್ನು ನೀವು ಎತ್ತಬೇಡಿ. ಸೊಸೆ ಹೇಳಿದರೆ ನಿರಾಕರಣೆ, ಮಗ ಹೇಳಿದರೆ ಏರ್ಪಾಡು. ನಮ್ಮ ಮನೆಗಳು ಇರುವುದೇ ಹಾಗೆ. ಯಜಮಾನರಿಗೆ ಇದೊಂದೇ ಕೆಲಸ ಒಪ್ಪಿಸಿ. ಮೊದಲು ತಾಯಿಗೆ ಹೇಳಲಿ, ಅದೇ ದಿನ ಅಕ್ಕನಿಗೆ ಫೋನ್ ಮಾಡಲಿ. ಈ ಕ್ರಮ ತಪ್ಪಬಾರದು. ಅಕ್ಕನಿಗೆ ಮೊದಲು ಹೇಳಿದರೆ ಅವರು ಸಂಜೆಯೇ ತಾಯಿಗೆ ಫೋನ್ ಹಚ್ಚುತ್ತಾರೆ, "ನನ್ನ ಬಿಟ್ಟು ಎಲ್ಲಾ ಠರಾಯಿಸಿದ್ರೇನು" ಎಂದು ಹೊಸ ಮುನಿಸು ಶುರುವಾಗುತ್ತದೆ. ಫೋನಿನಲ್ಲಿ ಇಷ್ಟು ಸಾಕು: "ಅಕ್ಕಾ, ಅವ್ವ ಐದು ದಿನಾ ನಿನ್ನ ಕಡೆ ಇರ್ಲಿ. ನಾವು ಹುಡುಗ್ರನ್ನ ಕರಕೊಂಡು ನಡುವ ಎರಡು ರಾತ್ರಿ ಅಲ್ಲೇ ಮುಂಬೈದಾಗ ಇರ್ತೀವಿ. ನಿನಗ ಹ್ಯಾಂಗ ಅನುಕೂಲ, ಮೊದಲ ನೀ ಹೇಳು." ಕೊನೆಯ ವಾಕ್ಯ ಮುಖ್ಯ. ಇಷ್ಟು ದಿನ ನಾದಿನಿಯನ್ನು ಯಾರಾದರೂ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

ಇನ್ನು ರೈಲು. ಯಾವ ಜಗಳಕ್ಕೂ ಕಾಯದ ಸಂಗತಿ ಇದು. ಈಗ ಮುಂಗಡ ಬುಕಿಂಗ್ 60 ದಿನಕ್ಕೆ ಮಾತ್ರ. 120 ದಿನದ ನಿಯಮ 2024ರ ನವೆಂಬರ್ 1ಕ್ಕೆ ಮುಗಿಯಿತು. ಡಿಸೆಂಬರ್ 23ರ ಸಂಜೆ ಹೊರಡುವುದಾದರೆ ಅಕ್ಟೋಬರ್ 24ರ ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ವಾಪಸು 28ಕ್ಕೆ ಎಂದರೆ ಅಕ್ಟೋಬರ್ 29. ಎರಡೂ ಬೇರೆ ಬೇರೆ ಬೆಳಗು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೂ ಮೊದಲು ರಜೆಯ ದಿನಾಂಕವನ್ನು ಶಾಲೆಯಲ್ಲೇ ಕೇಳಿ ಗಟ್ಟಿಮಾಡಿಕೊಳ್ಳಿ, ಹೋದ ವರ್ಷದ ಲೆಕ್ಕ ಹಿಡಿಯಬೇಡಿ. 30, 31ರವರೆಗೆ ಎಳೆಯುವುದೂ ಬೇಡ. ಹೊಸ ವರ್ಷದ ಹೊತ್ತಿಗೆ ರೂಮಿನ ಬಾಡಿಗೆ ಏರುತ್ತದೆ, ಗೇಟ್‌ವೇ ಕಡೆಗೆ ಮಕ್ಕಳನ್ನು ಕರೆದೊಯ್ಯಲಾಗದಷ್ಟು ಜನ ಸೇರುತ್ತಾರೆ.

ವಿಜಯಪುರದಿಂದ ನೇರ ಗಾಡಿ ಎಂದರೆ ಹೊಸಪೇಟೆಯಿಂದ ಗದಗ, ಬಾಗಲಕೋಟೆ ಮೇಲೆ ಬರುವ ಮುಂಬೈ ಎಕ್ಸ್‌ಪ್ರೆಸ್. ಸಂಜೆ ಹತ್ತಿದರೆ ಬೆಳಗಿನ ಹೊತ್ತಿಗೆ ಮುಂಬೈ. ನೀವು ಸಿಎಸ್‌ಎಂಟಿವರೆಗೆ ಹೋಗದೆ ಕಲ್ಯಾಣದಲ್ಲೇ ಇಳಿಯಿರಿ, ಅಲ್ಲಿಂದ ಡೋಂಬಿವಲಿ ಹತ್ತಿರ. ಕೊನೆಯವರೆಗೆ ಹೋಗಿ ಲಗೇಜು ಹೊತ್ತು ಲೋಕಲ್‌ನಲ್ಲಿ ಹಿಂದೆ ಬರುವುದೆಂದರೆ ಒಂದು ತಾಸಿಗೂ ಮಿಕ್ಕಿದ ವ್ಯರ್ಥ ಪ್ರಯಾಣ. ವಾಪಸಿನ ಟಿಕೆಟಿನಲ್ಲೂ ಹತ್ತುವ ನಿಲ್ದಾಣ ಕಲ್ಯಾಣ ಎಂದು ಬುಕ್ ಮಾಡುವಾಗಲೇ ಹಾಕಿ. ಸಿಎಸ್‌ಎಂಟಿ ಎಂದು ಬಿಟ್ಟು ಕಲ್ಯಾಣದಲ್ಲಿ ಹತ್ತಿದರೆ, ನೀವು ಬರಲಿಲ್ಲವೆಂದು ನಿಮ್ಮ ಬರ್ತ್ ಬೇರೆಯವರಿಗೆ ಹೋಗಿರಬಹುದು.

ಬುಕಿಂಗ್ ಖಾತೆಗೆ ಆಧಾರ್ ಜೋಡಣೆ ಮೊದಲೇ ಮುಗಿಸಿ. ಐವರ ಹೆಸರು, ವಯಸ್ಸನ್ನು ಆಧಾರ್‌ನಲ್ಲಿರುವಂತೆಯೇ ಪ್ರಯಾಣಿಕರ ಪಟ್ಟಿಯಲ್ಲಿ ಸೇರಿಸಿಡಿ. 8 ಗಂಟೆಗೆ ಕೂತು ಟೈಪ್ ಮಾಡುವುದರೊಳಗೆ ಸೀಟು ಹೋಗಿರುತ್ತವೆ. 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ಟಿಕೆಟ್, ಬೇಕೆಂದರೆ ಪೂರ್ತಿ. ಉಳಿಸಲು ಹೋಗಬೇಡಿ, ಇಬ್ಬರಿಗೂ ಬರ್ತ್ ತೆಗೆಸಿ. ರಾತ್ರಿಯಿಡೀ ಆರು ವರ್ಷದ ಮಗುವಿನ ಪಕ್ಕ ಒಂದೇ ಬರ್ತಿನಲ್ಲಿ ಮುದುಡಿ ಮಲಗಿದವರು ಮರುದಿನ ಏನು ತಿರುಗಾಡಿಯಾರು? ಅತ್ತೆಯವರ ಕೆಳಗಿನ ಬರ್ತಿಗೆ ಒಂದು ಸೂಕ್ಷ್ಮ ಇದೆ. ಹಿರಿಯರ ಕೆಳ ಬರ್ತ್ ಕೋಟಾ ಅವರು ಒಬ್ಬರೇ ಅಥವಾ ಅದೇ ವಯೋಮಾನದ ಇಬ್ಬರು ಒಂದು ಟಿಕೆಟಿನಲ್ಲಿದ್ದರೆ ಮಾತ್ರ. ಐವರನ್ನೂ ಕೂಡಿಸಿದರೆ ಆ ಕೋಟಾ ಇಲ್ಲ. ಆಗ "ಕನಿಷ್ಠ ಒಂದು ಕೆಳ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು" ಎಂಬ ಆಯ್ಕೆಗೆ ಗುರುತು ಹಾಕಿ. ಅದು ಕೂಡಿ ಬರದಿದ್ದರೆ ಅವರದು ಬೇರೆ ಟಿಕೆಟ್ ಮಾಡಿ. ಬೋಗಿ ಬೇರೆಯಾದೀತು, ಆಗ ಯಜಮಾನರು ಅವರ ಪಕ್ಕದವರೊಡನೆ ಸೀಟು ಬದಲಿಸಿಕೊಳ್ಳಲಿ.

ವೇಟಿಂಗ್ ಲಿಸ್ಟ್ ಬಂದರೆ? ಸೀಟುಗಳ ಕೊನೆಯ ಪಟ್ಟಿ (ಚಾರ್ಟ್) ಆದಮೇಲೂ ಎಲ್ಲರೂ ವೇಟಿಂಗ್‌ನಲ್ಲೇ ಇದ್ದರೆ ಆನ್‌ಲೈನ್ ಟಿಕೆಟ್ ತಾನೇ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ. ಆರ್‌ಎಸಿ ಆದರೆ ಹತ್ತಬಹುದು, ಕೂರಲು ಜಾಗ ಇರುತ್ತದೆ. ಎರಡನೆಯ ದಾರಿ ಸೋಲಾಪುರ. ವಿಜಯಪುರದಿಂದ ಸುಮಾರು 100 ಕಿಲೋಮೀಟರ್. ಅಲ್ಲಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ. 8ಕ್ಕೇ ಅದನ್ನೂ ನೋಡಿಟ್ಟುಕೊಳ್ಳಿ. ವಂದೇ ಭಾರತ್ ಸೋಲಾಪುರ ಬಿಡುವುದೇ ಬೆಳಗ್ಗೆ 6ರ ಸುಮಾರಿಗೆ, ಅದಕ್ಕಾಗಿ ನಡುರಾತ್ರಿ ಅತ್ತೆಯವರನ್ನು ಎಬ್ಬಿಸಬೇಡಿ. ತತ್ಕಾಲ್ ಹಿಂದಿನ ದಿನ ಬೆಳಗ್ಗೆ, ಎಸಿಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಸ್ಲೀಪರ್ ಬಸ್ಸು ಕೊನೆಯ ಮಾತು. ಮೇಲಿನ ಸೀಟು ಬಂದರೆ ಅತ್ತೆಯವರು ಹತ್ತಲಾರರು.

ಡೋಂಬಿವಲಿಯಿಂದ ಪೇಟೆಯ ಕಡೆಗೆ ಬೆಳಗ್ಗೆ 8ರಿಂದ 11ರವರೆಗೆ ಹೊರಡಲೇಬೇಡಿ, ಸಂಜೆ 5ರಿಂದ 9ರವರೆಗೆ ಹಿಂತಿರುಗಲೇಬೇಡಿ. ಆ ಹೊತ್ತಿನ ಲೋಕಲ್‌ನಲ್ಲಿ ಆರು ವರ್ಷದ ಮಗುವಿಗೆ ಉಸಿರಾಡಲೂ ಜಾಗ ಸಿಗದು. 25ರಂದು ಆಫೀಸು ರಜೆ, ಗಾಡಿ ಸ್ವಲ್ಪ ಹಗುರ. ರೂಮಿಗೆ ಅಂದೇ ಹೋಗಿ. ಲಗೇಜು ಎರಡು ಸಣ್ಣ ಚೀಲ, ಉಳಿದದ್ದು ನಾದಿನಿ ಮನೆಯಲ್ಲಿರಲಿ. ಇಳಿಯುವ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ ಬಾಗಿಲ ಕಡೆ ಬನ್ನಿ, ಲೋಕಲ್ ಅರೆಗಳಿಗೆಯೂ ಕಾಯುವುದಿಲ್ಲ. ಮಕ್ಕಳ ಜೇಬಿನಲ್ಲಿ ಇಬ್ಬರ ಫೋನ್ ನಂಬರ್ ಬರೆದ ಚೀಟಿ ಇರಲಿ.

25ರ ಸಂಜೆ ಬಾಂದ್ರಾದ ಹಿಲ್ ರೋಡ್, ಮೌಂಟ್ ಮೇರಿ ಚರ್ಚ್. ಮಕ್ಕಳು ಕಾಯುತ್ತಿರುವ ನಕ್ಷತ್ರದ ದೀಪಗಳು ಅಲ್ಲಿವೆ. ಆಟೋ ಬಾಂದ್ರಾದಿಂದಾಚೆಗೆ ಮಾತ್ರ, ದಕ್ಷಿಣ ಮುಂಬೈಯಲ್ಲಿ ಟ್ಯಾಕ್ಸಿಯೇ ಗತಿ. 26ಕ್ಕೆ ಗೇಟ್‌ವೇಯಿಂದ ದೋಣಿಯಲ್ಲಿ ಎಲಿಫೆಂಟಾ, ಸುಮಾರು ಒಂದು ತಾಸು. ಸೋಮವಾರ ಗುಹೆ ಮುಚ್ಚಿರುತ್ತದೆ. ಮೇಲೇರಲು 120 ಮೆಟ್ಟಿಲು, ಅತ್ತೆಯವರು ಬರದಿದ್ದದ್ದೇ ಒಳ್ಳೆಯದಾಯಿತು ಅನಿಸುತ್ತದೆ. ಪೆಂಗ್ವಿನ್ ನೋಡಬೇಕೆಂದರೆ ಭಾಯಖಳಾದ (ಬೈಕುಲ್ಲಾ) ರಾಣಿಬಾಗ್ ಮೃಗಾಲಯ. ಅದಕ್ಕೆ ಬುಧವಾರ ರಜೆ.

27 ಅತ್ತೆಯವರ ದಿನ. ನಾದಿನಿ ಅವರನ್ನು 11ರ ಮೇಲೆ ಲೋಕಲ್‌ನಲ್ಲಿ ದಾದರಿಗೆ ಕರೆತಂದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಸಿದ್ಧಿವಿನಾಯಕಕ್ಕೆ ಬರಲಿ. ನೀವು ಸಿಎಸ್‌ಎಂಟಿಯಿಂದ ಮೆಟ್ರೋ ಹಿಡಿದರೆ ಸಿದ್ಧಿವಿನಾಯಕ ಎಂಬ ನಿಲ್ದಾಣವೇ ಇದೆ. ಮಂಗಳವಾರ ಬಿದ್ದರೆ ದರ್ಶನವನ್ನು ಇನ್ನೊಂದು ದಿನಕ್ಕೆ ಹಾಕಿ. ನಾಲ್ಕರೊಳಗೆ ಎಲ್ಲರೂ ಕೂಡಿ ಡೋಂಬಿವಲಿ ಗಾಡಿ ಹತ್ತಿ. 28 ಪೂರ್ತಿ ನಾದಿನಿ ಮನೆಯಲ್ಲಿ, ರಾತ್ರಿ ಕಲ್ಯಾಣ.

45,000ದಲ್ಲಿ 9,000 ತುರ್ತಿಗೆಂದು ಮುಟ್ಟದೆ ಬೇರೆ ಇಡಿ. ರೂಮು ಹಿಡಿಯುವಾಗ ಮೂರು ಕೇಳಿ: ತೆರಿಗೆ ಸೇರಿ ಎಷ್ಟು, ಮಕ್ಕಳಿಗೆ ಹೆಚ್ಚಿನ ಹಾಸಿಗೆಗೆ ಎಷ್ಟು, ಖಾಲಿ ಮಾಡುವುದು 24 ತಾಸಿಗೋ ಮಧ್ಯಾಹ್ನ 12ಕ್ಕೋ.

ಬರಿಗೈಯಲ್ಲಿ ಹೋಗಬೇಡಿ. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಅತ್ತೆಯವರೇ ಮುಂದೆ ನಿಂತು ಮಾಡಿಸಲಿ. ರೊಟ್ಟಿ ಪೂರ್ತಿ ಆರಿದ ಮೇಲೆ ಅಗಲದ ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಉಳಿದ ಜಾಗಕ್ಕೆ ಮಡಚಿದ ಅರಿವೆ ತುರುಕಿ. ಡಬ್ಬಿಯೊಳಗೆ ಅಲುಗಾಡಿದರೆ ಸೋಲಾಪುರ ದಾಟುವುದರೊಳಗೆ ಚೂರಾಗಿರುತ್ತದೆ. ಬಿಸಿ ಇದ್ದಾಗಲೇ ಮುಚ್ಚಿದರೆ ಬೆವತು ಮೆತ್ತಗಾಗುತ್ತದೆ.

ಒಂದು ವೇಳೆ ನಾದಿನಿ ಆ ದಿನಗಳಲ್ಲಿ ಅನುಕೂಲವಿಲ್ಲ ಎಂದರೆ ಬೇಸರ ಬೇಡ. ಅತ್ತೆಯವರಿಗೂ ಕೋಟೆಯಲ್ಲೇ ರೂಮು ಮಾಡಿ, ಲಿಫ್ಟ್ ಇದೆಯೋ ಇಲ್ಲವೋ ಮೊದಲೇ ಕೇಳಿ, ಒಂದು ಹೊತ್ತಿನ ಊಟಕ್ಕೆ ಡೋಂಬಿವಲಿಗೆ ಹೋಗಿ ಬನ್ನಿ. ಆ ಉತ್ತರ ಮಗಳ ಬಾಯಿಂದಲೇ ಬಂದಿರುತ್ತದೆ, ಹಾಗಾಗಿ ಲಾಡ್ಜಿನ ಮಾತು ನಿಮ್ಮ ತಲೆಗೆ ಬರುವುದಿಲ್ಲ. ಫೋನ್ ಮಾತ್ರ ಅಕ್ಟೋಬರ್ 24ಕ್ಕಿಂತ ಮುಂಚೆ ಆಗಲಿ.