'ರದ್ದು' ಅಂತ ಬರೆಯೋ ಮುಂಚೆ ತೀರ್ಪು ಓದಿ

ನಮಸ್ಕಾರ. ನ್ಯೂಜೆರ್ಸಿಯ ಎಡಿಸನ್ನಿನ ಅಪಾರ್ಟ್‌ಮೆಂಟಲ್ಲಿ ನಡೆಯೋ ಸೀಮಂತ, ಆರತಿ ತಟ್ಟೆ ಹಿಡ್ಕೊಂಡೇ ಹೆಂಗಸರು ಹುಟ್ಟೋ ಮಗುಗೆ ಅಮೆರಿಕದ ಪಾಸ್‌ಪೋರ್ಟ್ ಸಿಗುತ್ತೋ ಇಲ್ವೋ ಅಂತ ಪಿಸುಗುಡೋದು, ನಿಮ್ಮ ಲೇಖನದ ಆ ಶುರು ಚೆನ್ನಾಗಿದೆ. ಆದ್ರೆ ಎರಡನೇ ಪುಟದ ಎರಡು ಸಾಲು ಓದಿ ನಂಗೆ ನಿಜಕ್ಕೂ ಸಿಟ್ಟು ಬಂತು, ಅದನ್ನೇ ಹೇಳ್ತೀನಿ.

ಮೊದಲನೇದು: '2025ರ ಜೂನ್ 27ರಂದು ಸುಪ್ರೀಂ ಕೋರ್ಟ್ ಜನ್ಮಸಿದ್ಧ ಪೌರತ್ವವನ್ನು ರದ್ದುಗೊಳಿಸಿತು.' ಇಲ್ಲ, ಅಮೆರಿಕದ ನೆಲದಲ್ಲಿ ಹುಟ್ಟಿದ್ದಕ್ಕೇ ಸಿಗೋ ಆ ಪೌರತ್ವವನ್ನ ಕೋರ್ಟ್ ರದ್ದು ಮಾಡಿಲ್ಲ. ಆ ಪೌರತ್ವ ಕೆಲವು ಮಕ್ಕಳಿಗೆ ಇಲ್ಲ ಅಂತ ಅದೇ ವರ್ಷ ಜನವರಿ 20ಕ್ಕೆ ಟ್ರಂಪ್ ಸಹಿ ಹಾಕಿದ ಆದೇಶ ಸಂವಿಧಾನಕ್ಕೆ ಸರಿಹೋಗುತ್ತಾ ಅನ್ನೋ ಪ್ರಶ್ನೆಯನ್ನ ಕೋರ್ಟ್ ಆವತ್ತು ಮುಟ್ಟಲೇ ಇಲ್ಲ. 6-3ರ ಬಹುಮತದಲ್ಲಿ ಜಸ್ಟಿಸ್ ಬ್ಯಾರೆಟ್ ಬರೆದದ್ದು ಇಷ್ಟು, ಕೆಳಗಿನ ಕೋರ್ಟಿನ ಜಡ್ಜ್ ಒಬ್ಬರು ಇಡೀ ದೇಶಕ್ಕೆ ಅನ್ವಯಿಸೋ ತಡೆ ಕೊಡೋಕಾಗಲ್ಲ, ಕೇಸ್ ಹಾಕಿದವರಿಗೆ ಎಷ್ಟು ಬೇಕೋ ಅಷ್ಟು ಪರಿಹಾರ ಕೊಡಿ ಅಂತ. ಎರಡೇ ವಾರದಲ್ಲಿ ನ್ಯೂ ಹ್ಯಾಂಪ್‌ಶೈರಿನ ಜಡ್ಜ್ ಆ ಆದೇಶ ತಟ್ಟೋ ಮಕ್ಕಳನ್ನೆಲ್ಲ ಒಂದು ವರ್ಗ ಅಂತ ಪರಿಗಣಿಸಿ ಮತ್ತೆ ತಡೆ ಕೊಟ್ರು. ಅದರ ಸುದ್ದಿಯೇ ನಿಮ್ಮಲ್ಲಿಲ್ಲ.

ನಾನು ಪತ್ರಿಕೆಯ ಡೆಸ್ಕಿಗೆ ಸೇರಿದ ಮೊದಲ ವರ್ಷ ಭೂಸ್ವಾಧೀನಕ್ಕೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿದ್ದನ್ನ 'ಭೂಸ್ವಾಧೀನ ರದ್ದು' ಅಂತ ಹೆಡ್ಡಿಂಗ್ ಮಾಡಿದ್ದೆ. ಮಾರನೇ ದಿನ ಒಬ್ಬ ಅಜ್ಜ ಪೇಪರ್ ಮಡಚಿ ಕಂಕುಳಲ್ಲಿ ಇಟ್ಕೊಂಡು ಆಫೀಸಿಗೆ ಬಂದು 'ಹೊಲ ಉಳೀತಾ ಸ್ವಾಮಿ?' ಅಂದ್ರು. ನಮ್ಮ ಮುಖ್ಯ ಉಪಸಂಪಾದಕರು ಒಂದು ಮಾತೂ ಬೈಲಿಲ್ಲ, ಆರ್ಡರ್ ಕಾಪಿ ನನ್ನ ಕೈಗಿಟ್ಟು ನೀನೇ ಅವರಿಗೆ ಓದಿ ಹೇಳು ಅಂದ್ರು. ಓದಿದೆ, ಅವರು ಎದ್ದು ಹೋಗೋವರೆಗೂ ತಲೆ ಎತ್ತಲಿಲ್ಲ.

ಎರಡನೇ ಸಾಲು: '14ನೇ ತಿದ್ದುಪಡಿಯಂತೆ ಅಮೆರಿಕದಲ್ಲಿ ಹುಟ್ಟಿದವರೆಲ್ಲ ಪೌರರು.' ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ ಆ ತಿದ್ದುಪಡಿಯ ವಾಕ್ಯದಲ್ಲಿ 'ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ' ಅನ್ನೋ ಮಾತಿದೆ, ನೀವು ಅದನ್ನೇ ಬಿಟ್ಟಿದ್ದೀರಿ, ಜಗಳ ಇರೋದೇ ಅದರ ಮೇಲೆ! ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪೌರ ಅಂತ 1898ರಲ್ಲಿ 6-2ರಲ್ಲಿ ತೀರ್ಪಾಯ್ತು, ಹೊರಗೆ ಉಳಿದದ್ದು ರಾಜತಾಂತ್ರಿಕರ ಮಕ್ಕಳು, ಆಕ್ರಮಿಸಿದ ಶತ್ರುಗಳ ಮಕ್ಕಳು, ಅಲ್ಲಿನ ಮೂಲನಿವಾಸಿ ಬುಡಕಟ್ಟಿನವರು (ಅವರಿಗೂ 1924ರಲ್ಲಿ ಕಾನೂನಿಂದ ಪೌರತ್ವ ಬಂತು). ಟ್ರಂಪ್ ಸರ್ಕಾರದ ವಾದ ಏನಂದ್ರೆ ವಾಂಗ್‌ನ ಅಪ್ಪ ಅಮ್ಮ ಅಲ್ಲೇ ಕಾಯಂ ನೆಲೆಸಿದವರು, ತಾತ್ಕಾಲಿಕ ವೀಸಾದವರ ಲೆಕ್ಕ ಬೇರೆ. ನಿಮ್ಮ ಸೀಮಂತದ ಮನೆ ನಿಂತಿರೋದು ಸರಿಯಾಗಿ ಇಲ್ಲೇ: ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದ್ರೆ ಆದೇಶ ಆ ಮಗುವನ್ನ ಹೊರಗಿಡುತ್ತೆ. ಎಚ್-1ಬಿ ಅನ್ನೋ ತಾತ್ಕಾಲಿಕ ಕೆಲಸದ ವೀಸಾದಲ್ಲಿರೋ ಮನೆಗಳಿಗೆ ತಟ್ಟೋದು ಈ ಒಂದು ಷರತ್ತು, ಅದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಬಸುರಿ ಹೆಂಡತಿಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಿಮ್ಮ ಲೇಖನ ಓದೋರು ಇರ್ತಾರೆ. ತೀರ್ಪಿನ ಪ್ರತಿ ಎಲ್ಲರಿಗೂ ಸಿಗುತ್ತೆ, ಪೂರ್ತಿ ಓದಿ, ಎರಡನೇ ಪುಟ ಹೊಸದಾಗಿ ಬರೆದು ಕಳಿಸಿ. ಸೀಮಂತದ ಭಾಗ ಮುಟ್ಟಬೇಡಿ.