ಫಸ್ಟ್ ಸೆಮ್ ಗಣಿತದಲ್ಲಿ ಹಿಂದೆ ಬಿದ್ದ ಜೂನಿಯರ್‌ಗಳಿಗೆ ಸೀನಿಯರ್‌ಗಳು ಹೇಗೆ ಹೇಳಿಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಐದನೇ ಸೆಮ್ ಓದುತ್ತಿದ್ದೀರಿ. ಫಸ್ಟ್ ಸೆಮ್ ಗಣಿತದಲ್ಲಿ ಜೂನಿಯರ್‌ಗಳಿಗೆ ಸಾಲುಸಾಲಾಗಿ ಬ್ಯಾಕ್ ಬೀಳುತ್ತಿದೆ, ಅಂದರೆ ಫೇಲಾಗಿ ಆ ವಿಷಯ ಬಾಕಿ ಉಳಿಯುತ್ತಿದೆ. ಇಂಟರ್ನಲ್ಸ್‌ನಲ್ಲಿ (ಸೆಮ್ ನಡುವೆ ಕಾಲೇಜೇ ಇಡುವ ಪರೀಕ್ಷೆಗಳಲ್ಲಿ) ಕಡಿಮೆ ತೆಗೆದವರ ಪಟ್ಟಿ ಮಾಡಿ, ಒಬ್ಬೊಬ್ಬ ಟಾಪರ್ ಕೈಗೆ ನಾಲ್ಕು ನಾಲ್ಕು ಜನರನ್ನು ಒಪ್ಪಿಸೋಣ ಅಂತ ಇದ್ದೀರಿ. ಇದು ನಡೆಯುತ್ತದಾ ಅಂತ ಕೇಳಿದ್ದೀರಿ.

ನಾನು ರಾಯಚೂರಿನಲ್ಲಿ ಇದೇ ಗಣಿತ ಪಾಠ ಮಾಡುವವನು. ಆ ಪಟ್ಟಿ ಮಾಡಲೇಬೇಡಿ. ಅದು ನೋಟಿಸ್ ಬೋರ್ಡಿಗೋ ವಾಟ್ಸಾಪ್ ಗ್ರೂಪಿಗೋ ಹೋದ ದಿನವೇ ಅದಕ್ಕೆ "ದಡ್ಡರ ಕ್ಲಾಸು" ಅಂತ ಹೆಸರು ಬೀಳುತ್ತದೆ. ಆಮೇಲೆ ಪಟ್ಟಿಯಲ್ಲಿ ಇದ್ದವರೇ ಆ ಕಡೆ ಸುಳಿಯುವುದಿಲ್ಲ.

ವಿದ್ಯಾರ್ಥಿಗಳನ್ನು ಆರಿಸುವ ಬದಲು ವಿಷಯವನ್ನು ಆರಿಸಿ. ಇದು ನನ್ನ ಸ್ವಂತ ತಲೆಯಿಂದ ಬಂದದ್ದೇನಲ್ಲ. ಅಮೆರಿಕದ ಮಿಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಅನ್ನುವವರು ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಶುರು ಮಾಡಿದ್ದೇ ಹೀಗೆ. ಯಾವ ಕೋರ್ಸಿನಲ್ಲಿ ನೂರಕ್ಕೆ ಮೂವತ್ತು ಜನ ಫೇಲಾಗುತ್ತಾರೋ, ತೀರಾ ಕಡಿಮೆ ಗ್ರೇಡ್ ತೆಗೆಯುತ್ತಾರೋ, ಅರ್ಧಕ್ಕೇ ಬಿಡುತ್ತಾರೋ, ಆ ಕೋರ್ಸೇ ಕಷ್ಟದ್ದು ಅಂತ ಅವರ ಲೆಕ್ಕ. ಅದಕ್ಕೊಂದು ಗುಂಪು ಇಡುತ್ತಾರೆ, ಆ ಕೋರ್ಸು ಮುಗಿಸಿದ ಸೀನಿಯರ್ ಅದನ್ನು ನಡೆಸುತ್ತಾರೆ. ಯಾರು ಬೇಕಾದರೂ ಬರಬಹುದು. ಹತ್ತಕ್ಕೆ ಒಂಬತ್ತು ತೆಗೆಯುವವಳೂ ಬಂದು ಕೂರುತ್ತಾಳೆ, ಎರಡು ತೆಗೆಯುವವನೂ ಕೂರುತ್ತಾನೆ. ಯಾರು ಯಾಕೆ ಬಂದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇದರ ಜೀವ ಇರುವುದೇ ಅಲ್ಲಿ.

ಇನ್ನೊಂದು ಕಥೆ ಇದಕ್ಕಿಂತ ನನಗೆ ಇಷ್ಟ. 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಅನ್ನುವ ಗಣಿತದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಕ್ಯಾಲ್ಕುಲಸ್‌ನಲ್ಲಿ ಕಪ್ಪು ಜನಾಂಗದ ಹುಡುಗರು ಯಾಕೆ ಹಿಂದೆ ಬೀಳುತ್ತಾರೆ ಅಂತ ನೋಡಲು ಹೊರಟರು. ಓದುವ ಆಸೆ ಕಡಿಮೆ, ಮನೆಯಲ್ಲಿ ಬೆಂಬಲ ಇಲ್ಲ ಅಂತೆಲ್ಲ ಜನ ಅಂದುಕೊಂಡಿದ್ದರು. ಹೋಗಿ ನೋಡಿದರೆ ಅವೆಲ್ಲ ಸುಳ್ಳು. ಆ ಹುಡುಗರು ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ಹುಡುಗರು ರಾತ್ರಿ ಒಟ್ಟಿಗೆ ಕೂತು ಉತ್ತರ ತಾಳೆ ನೋಡಿಕೊಳ್ಳುತ್ತಿದ್ದರು, ಜಗಳ ಆಡುತ್ತಿದ್ದರು. ಆಗ ಟ್ರೈಸ್ಮನ್ ಒಂದು ಗುಂಪು ಶುರು ಮಾಡಿದರು. ಅದರಲ್ಲಿ ಕೊಟ್ಟದ್ದು ಸುಲಭದ ಲೆಕ್ಕ ಅಂದುಕೊಂಡಿರಾ? ಜಾಸ್ತಿ ಕಷ್ಟದ್ದು! ಫಲಿತಾಂಶ ಚೆನ್ನಾಗಿ ಮೇಲೆ ಬಂತು.

ನಮ್ಮ ಕಡೆ ಸಿರುಗುಪ್ಪದಿಂದಲೋ ಲಿಂಗಸುಗೂರಿನಿಂದಲೋ ಬಂದ ಹುಡುಗ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿರುತ್ತಾನೆ. ಅವನಿಗೆ ಪೋಲಾರ್ ಕರ್ವ್‌ನಂಥ ಫಸ್ಟ್ ಸೆಮ್ ಪಾಠ ಬರುವುದಿಲ್ಲ ಅಂತಲ್ಲ. ಮೂರು ಸಾಲಿನ ಪ್ರಶ್ನೆ ಓದಿ "ಏನು ಕೇಳ್ಯಾರ ಇಲ್ಲಿ?" ಅಂತ ಪಕ್ಕದವನನ್ನು ಕೇಳಲು ನಾಚಿಕೆ. ಕ್ಲಾಸಿನಲ್ಲಿ ಕೈ ಎತ್ತುವ ಮಾತೇ ಇಲ್ಲ. ಕೊನೆಗೆ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಲೆಕ್ಕ ಇರುವ) ಪಿಡಿಎಫ್ ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗುತ್ತಾನೆ. ಗುಂಪಿನಲ್ಲಿ ಮಾತು ಕನ್ನಡದಲ್ಲೇ ಇರಲಿ, ಹಾಳೆಯ ಮೇಲೆ ಬರೆಯುವುದು ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಇರಲಿ.

ಇನ್ನು ಟಾಪರ್ ವಿಷಯ. ಸಲೀಸಾಗಿ ಬಂದವನಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಿರುವುದಿಲ್ಲ. ನನ್ನ ಪ್ರಕಾರ ಬ್ಯಾಕ್ ಬಿದ್ದು, ಆಮೇಲೆ ಒಳ್ಳೆ ಮಾರ್ಕ್ಸ್ ತೆಗೆದು ಕ್ಲಿಯರ್ ಮಾಡಿದವರೇ ಒಳ್ಳೆಯ ಮೆಂಟರ್, ಅಂದರೆ ಗುಂಪು ನಡೆಸುವ ಸೀನಿಯರ್. ಅವರು ಆ ವಿಷಯದ ಫಸ್ಟ್ ಇಯರ್ ಕ್ಲಾಸಿಗೆ ಆಗಾಗ ಹೋಗಿ ಕೂರಬೇಕು. ಮೇಷ್ಟ್ರು ಈ ವಾರ ಏನು ಮಾಡಿದರು, ಯಾವ ಹೆಜ್ಜೆ ಹಾರಿಸಿದರು ಅಂತ ಗೊತ್ತಿಲ್ಲದೆ ಗುಂಪು ನಡೆಸಲು ಆಗುವುದಿಲ್ಲ. (ನಾವು ಮೇಷ್ಟ್ರುಗಳು ಹೆಜ್ಜೆ ಹಾರಿಸುತ್ತೇವೆ. ಸಿಲಬಸ್ ಮುಗಿಸಬೇಕಲ್ಲ.)

ಗುಂಪಿನಲ್ಲಿ ಪಾಠ ಮಾಡಬೇಡಿ. ಒಂದು ಲೆಕ್ಕ ಕೊಡಿ, ಇಬ್ಬಿಬ್ಬರು ಸೇರಿ ಮಾಡಲಿ. "ಎಲ್ಲಿವರೆಗೆ ಬಂತು?" ಅಂತ ಕೇಳಿ. ಯಾರಾದರೂ ಮೆಂಟರ್ ಹತ್ತಿರ ಉತ್ತರ ಕೇಳಿದರೆ ಆ ಪ್ರಶ್ನೆಯನ್ನು ಮೊದಲು ಪಕ್ಕದವರ ಕಡೆ ತಿರುಗಿಸಿ. ಪೆನ್ನು ಮೆಂಟರ್ ಕೈಗೆ ಬಂತೆಂದರೆ ಅದು ಟ್ಯೂಷನ್ ಆಯಿತು. ಸುಮ್ನೆ ಕಾಯುವುದು ಕಲಿಯಲು ಮೆಂಟರ್‌ಗಳಿಗೇ ಒಂದಷ್ಟು ವಾರ ಬೇಕು.

ಸಂಜೆ ಇಡಬೇಡಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತಲ್ಲ, ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿಯರಿಗೆ ಖರ್ಚು ಉಳಿಯಿತು, ಆದರೆ ಬಸ್ಸಿನ ಟೈಮು ಅದೇ. ನಾಲ್ಕೂವರೆಗೆ ಗುಂಪು ಅಂದರೆ ಅವರು ಬರುವುದೇ ಇಲ್ಲ, ಹಾಸ್ಟೆಲ್ ಹುಡುಗರಷ್ಟೇ ಉಳಿಯುತ್ತಾರೆ. ಮಧ್ಯಾಹ್ನ ಊಟದ ಪಕ್ಕದ ಪೀರಿಯಡ್ ಕೇಳಿ ಪಡೆಯಿರಿ. ಹಾಸ್ಟೆಲ್ ರೂಮಿನಲ್ಲಂತೂ ಬೇಡವೇ ಬೇಡ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮದ ನಂತರ ಸೀನಿಯರ್‌ಗಳು ಜೂನಿಯರ್‌ಗಳ ಹತ್ತಿರ ಹೋದರೇ ಕಾಲೇಜಿನವರು ಹೆದರುತ್ತಾರೆ, ಅದು ತಪ್ಪೂ ಅಲ್ಲ. ಬಾಗಿಲು ತೆರೆದ ಕ್ಲಾಸ್‌ರೂಮು, ಒಬ್ಬ ಮೇಷ್ಟ್ರಿಗೆ ಮಾಹಿತಿ, ಇಷ್ಟು ಇರಲಿ.

ಮೊದಲ ಇಂಟರ್ನಲ್ಸ್ ಆಗುವ ತನಕ ಕಾಯಬೇಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ ಇಂಟರ್ನಲ್ಸ್‌ಗೆ 50ಕ್ಕೆ 20 ಬೇಕೇ ಬೇಕು. ಮೊದಲ ಇಂಟರ್ನಲ್ಸ್ ಮುಗಿಯುವಷ್ಟರಲ್ಲಿ ಅರ್ಧ ಸೆಮ್ ಹೋಗಿರುತ್ತದೆ. ಕ್ಲಾಸು ಶುರುವಾದ ಎರಡನೇ ವಾರಕ್ಕೇ ಕೂರಿಸಿ.

ಯಾರಾದರೂ ಮನೆ ಕಷ್ಟ ಹೇಳಿಕೊಂಡು ಅತ್ತರೆ, ಬದುಕೇ ಬೇಡ ಅನ್ನುವ ಮಾತು ಬಂದರೆ, ಮೆಂಟರ್ ಅದನ್ನು ಒಬ್ಬನೇ ಹೊರಬಾರದು. ನಂಬುವ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋಗಬೇಕು. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು, ಎಲ್ಲ ಮೆಂಟರ್‌ಗಳ ಫೋನಿನಲ್ಲೂ ಇರಲಿ, ಅದಕ್ಕೆ ದುಡ್ಡಿಲ್ಲ.

ಮೆಂಟರ್‌ಗಳಿಗೆ ದುಡ್ಡು ಕೊಡಬೇಕಾ ಅಂತಲೂ ಕೇಳಿದ್ದೀರಿ. ಕಾಲೇಜು ಕೊಟ್ಟರೆ ತಗೊಳ್ಳಿ. ಜೂನಿಯರ್‌ಗಳ ಹತ್ತಿರ ಒಂದು ಚಹಾ ಕೂಡ ಕುಡಿಯಬೇಡಿ.