ಅಮ್ಮನಿಗೆ ಬೇರೆ ಆ್ಯಪ್ ಬೇಡ
ಎಪ್ಪತ್ತು ದಾಟಿದ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಮನೆಯವರ ಗುಂಪು ಸಿಗುವುದೇ ಇಲ್ಲ, ಬೇರೆ ಸುಲಭದ ಆ್ಯಪ್ ಇದೆಯೇ ಎಂದು ಕೇಳಿದ್ದೀರಿ. ಬದಲಿಸಬೇಡಿ, ನೆಂಟರೆಲ್ಲ ಇರುವುದು ಅಲ್ಲೇ. ಆಂಡ್ರಾಯ್ಡ್ ಫೋನಾದರೆ ಆ ಗುಂಪಿನ ಹೆಸರನ್ನು ಒತ್ತಿ ಹಿಡಿದು, ಮೇಲೆ ಕಾಣುವ ಪಿನ್ ಗುರುತನ್ನು ಮುಟ್ಟಿ. ಶುಭೋದಯದ ಹೂವುಗಳು ಎಷ್ಟೇ ಸುರಿದರೂ ಅದು ಪಟ್ಟಿಯ ಮೇಲ್ತುದಿಯಲ್ಲೇ ಇರುತ್ತದೆ. ಗದ್ದಲದ ಗುಂಪುಗಳನ್ನು ಆರ್ಕೈವ್‌ಗೆ ತಳ್ಳಿ, ಮುಖ್ಯ ಪಟ್ಟಿಯಿಂದ ಮರೆಯಾಗುತ್ತವೆ. ಅಕ್ಷರ ದೊಡ್ಡದು ಮಾಡಿ.

ಟೈಪಿಂಗ್ ಕಲಿಸಲು ಹೋಗಲೇಬೇಡಿ. ಮೈಕ್ ಒತ್ತಿ ಹಿಡಿದು ಮಾತನಾಡಿದರಾಯಿತು, ಬೆರಳೆತ್ತಿದಾಗ ಸಂದೇಶ ಹೋಗುತ್ತದೆ. ನನ್ನ ಅತ್ತೆಯವರು ಬೇಗ ಬೆರಳೆತ್ತಿಬಿಡುತ್ತಿದ್ದರು. ನಮಗೆ ಬರುತ್ತಿದ್ದುದು ಬರೀ ‘ಹಲೋ, ಊಟ...’. ಒತ್ತಿದ ಬೆರಳನ್ನು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಕೈ ಬಿಟ್ಟು ಮಾತನಾಡಿ ಕೊನೆಗೆ ಬಾಣದ ಗುರುತು ಒತ್ತಬೇಕೆಂದು ತೋರಿಸಿಕೊಟ್ಟೆ. ಈಗ ಹುಳಿ ಮಾಡುವ ಬಗೆಯೂ ನಾಲ್ಕು ನಿಮಿಷದ ಧ್ವನಿಯಲ್ಲಿ ಬರುತ್ತದೆ, ಒಗ್ಗರಣೆಯ ಸದ್ದಿನ ಸಮೇತ.